ದೆವ್ವ ಒಂದೇ, ಭಾಷೆ ಹಲವು

ಪಾಳು ಬಂಗಲೆ, ಜೋರು ಮಳೆ, ಹೋದ ಕರೆಂಟು, ಗೆಜ್ಜೆ ಸದ್ದು, ಬಿಳಿ ಸೀರೆ. ಗೌನಿಪಲ್ಲಿಯಂತಹ ಗಡಿ ಊರಿನ ನಾವು ಕನ್ನಡ, ತೆಲುಗು, ಹಿಂದಿ ಎಲ್ಲ ಸಿನಿಮಾ ನೋಡುತ್ತೇವೆ. ದೆವ್ವ ಮಾತ್ರ ಬದಲಾಗುವುದಿಲ್ಲ. ಮುಂದೇನೆಂದು ಗೊತ್ತಿದ್ದರೂ ಬೆಚ್ಚುವುದೇಕೆ?

ಮೊದಲ ಗುಟ್ಟು ಸದ್ದು. ಸಂಗೀತ ನಿಂತು ಮೌನ ಕವಿದಾಗ ಕಿವಿ ಚುರುಕಾಗುತ್ತದೆ. ಥಟ್ಟನೆ ಬೆಕ್ಕು ಹಾರುತ್ತದೆ. ‘ಬೆಕ್ಕಷ್ಟೇ’ ಎಂದು ನಿಟ್ಟುಸಿರು ಬಿಟ್ಟ ಮೇಲೆ ನಿಜವಾದ ಆಘಾತ! ಸದ್ದು ತೆಗೆದು ಅದೇ ದೃಶ್ಯ ನೋಡಿ, ಅರ್ಧ ಭಯ ಮಾಯ.

ಎರಡನೆಯದು ‘ನಿಜ ಘಟನೆ’ ಎಂಬ ಹಣೆಪಟ್ಟಿ. ಕಾಣೆಯಾದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂದು ನಂಬಿಸುವ ತಂತ್ರವನ್ನು 1999ರ ಅಮೆರಿಕದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಜನಪ್ರಿಯಗೊಳಿಸಿತು. 2013ರ ಕನ್ನಡದ ‘6-5=2’ ಚಾರಣಕ್ಕೆ ಹೋದ ಗೆಳೆಯರ ಕಥೆಯನ್ನು ಅದೇ ದಾರಿಯಲ್ಲಿ ಹೇಳಿತು.

ಮೂರನೆಯದು, ದೆವ್ವವೆಂದರೆ ಸೇಡಿನ ಹೆಣ್ಣು. 1993ರ ಮಲಯಾಳಂನ ‘ಮಣಿಚಿತ್ರತ್ತಾಳ್’ ಕನ್ನಡದಲ್ಲಿ ‘ಆಪ್ತಮಿತ್ರ’ (2004), ತಮಿಳಿನಲ್ಲಿ ‘ಚಂದ್ರಮುಖಿ’ (2005), ಹಿಂದಿಯಲ್ಲಿ ‘ಭೂಲ್ ಭುಲೈಯಾ’ (2007) ಆಯಿತು. ‘ಆಪ್ತಮಿತ್ರ’ದಲ್ಲಿ ಸೌಂದರ್ಯ ನಟಿಸಿದ ಗಂಗಾಳದ್ದು ಮನಸ್ಸಿನ ಕಾಯಿಲೆ ಎಂದು ಗುರುತಿಸುವವನು ವಿಷ್ಣುವರ್ಧನ್ ಪಾತ್ರವಾದ ಮನೋವೈದ್ಯ. ಆದರೂ ನಮ್ಮ ನೆನಪಲ್ಲಿ ಉಳಿದವಳು ಗಂಗಾ ಅಲ್ಲ, ನಾಗವಲ್ಲಿ!

ತೊಂದರೆ ಇರುವುದು ಇಲ್ಲೇ. ಪರದೆಯ ರೂಢಿ ಮನೆಗೆ ಬಂದರೆ, ನಿದ್ದೆಗೆಟ್ಟು ಒಬ್ಬಳೇ ಮಾತಾಡುವ ಹುಡುಗಿಗೂ ‘ದೆವ್ವ ಹಿಡಿದಿದೆ’ ಎನ್ನುತ್ತೇವೆ, ಚಿಕಿತ್ಸೆ ತಡವಾಗುತ್ತದೆ. ಅವಳಿಗೆ ಬೇಕಾದದ್ದು ವೈದ್ಯರು. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಸಿನಿಮಾ ನೋಡಿ ಹೆದರೋಣ, ನಗೋಣ. ಕಾಯಿಲೆಯವರನ್ನು ಕಂಡು ಹೆದರುವುದು ಬೇಡ.