ಮನೆಯ ಹಾಡಿಗೆ ಎಷ್ಟು ವಾಟ್ ಬೇಕು?

ಹಬ್ಬದ ದಿನಗಳು ಬಂದವೆಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಮುಂದೆ ಆಳೆತ್ತರದ ಸೌಂಡ್ ಬಾಕ್ಸುಗಳು ಬಂದು ನಿಲ್ಲುತ್ತವೆ. ಅವುಗಳ ಮೇಲೆ ದಪ್ಪ ಅಕ್ಷರದಲ್ಲಿ ‘5000 ವಾಟ್ ಪಿ.ಎಂ.ಪಿ.ಒ.’ ಎಂದಿರುತ್ತದೆ. ಎಂಟನೇ ಕ್ಲಾಸಿನ ನನ್ನ ಮೊಮ್ಮಗ ಅಂಥದೊಂದನ್ನು ತೋರಿಸಿ, “ತಾತ, ತಗೊಳ್ಳೋದಾದ್ರೆ ಇದನ್ನೇ ತಗೊಳ್ಳಿ” ಎಂದ. ನಾನು ಅವನಿಗೊಂದು ಲೆಕ್ಕ ಕೊಟ್ಟೆ. ನಮ್ಮ ಬಚ್ಚಲುಮನೆಯ ಗೀಸರ್ 2000 ವಾಟ್. ಹಾಗಾದರೆ ಈ ಪೆಟ್ಟಿಗೆ ಎರಡೂವರೆ ಗೀಸರಿನಷ್ಟು ಕರೆಂಟ್ ಎಳೆಯಬೇಕಲ್ಲ? ಅದರ ವೈರು ನೋಡು, ಟೇಬಲ್ ಫ್ಯಾನಿನ ವೈರಿನಷ್ಟೇ ಸಣ್ಣ. ಅವನು ಬಗ್ಗಿ ನೋಡಿ ನಕ್ಕ.

ಪಿ.ಎಂ.ಪಿ.ಒ. ಎಂಬ ಈ ಅಂಕಿಯನ್ನು ಅಳೆಯಲು ಎಲ್ಲರೂ ಒಪ್ಪಿದ ಕ್ರಮವೇ ಇಲ್ಲ. ಮಾರುವವರು ಬರೆದದ್ದೇ ಲೆಕ್ಕ. ಮನೆಗೆ ಆಂಪ್ಲಿಫೈಯರ್ ಕೊಳ್ಳುವವರು ನೋಡಬೇಕಾದದ್ದು ‘ಆರ್.ಎಂ.ಎಸ್.’ ವಾಟ್, ಅಂದರೆ ಬಿಟ್ಟೂಬಿಡದೆ ನಿಜವಾಗಿ ಕೊಡಬಲ್ಲ ಶಕ್ತಿ. ಅದನ್ನೂ ಒಂದೊಂದು ಸ್ಪೀಕರಿಗೆ ಎಷ್ಟು, ಎಷ್ಟು ಓಮ್ ಸ್ಪೀಕರಿಗೆ ಎಷ್ಟು ಎಂದು ಬಿಡಿಸಿ ಬರೆದಿರಬೇಕು. ಬರೆಯದಿದ್ದರೆ ನಾನು ಮುಂದಿನ ಪೆಟ್ಟಿಗೆಯತ್ತ ಹೋಗುತ್ತೇನೆ.

ಮಕ್ಕಳೇ, ಆಂಪ್ಲಿಫೈಯರ್ ಎಂದರೇನು ಎಂದು ಕೇಳಿದರೆ ‘ಶಬ್ದ ದೊಡ್ಡದು ಮಾಡೋ ಯಂತ್ರ’ ಎನ್ನುತ್ತೀರಿ. ಅದು ತಪ್ಪಲ್ಲ, ಆದರೆ ಕೆರೆಯ ತೂಬನ್ನು ನೆನೆಸಿಕೊಂಡರೆ ವಿಷಯ ಚೆನ್ನಾಗಿ ತಿಳಿಯುತ್ತದೆ. ತೂಬನ್ನು ಎತ್ತಿ ಇಳಿಸಲು ಒಬ್ಬನ ಕೈ ಸಾಕು. ಗದ್ದೆಗೆ ಹರಿಯುವ ನೀರು ಮಾತ್ರ ಕೆರೆಯದು. ಫೋನಿನಿಂದಲೋ ಕ್ಯಾಸೆಟ್ಟಿನಿಂದಲೋ ಬರುವ ಸಣ್ಣ ವಿದ್ಯುತ್ ಸಂಕೇತವೇ ಆ ಕೈ. ಗೋಡೆಯ ಪ್ಲಗ್ಗಿನಿಂದ ಬರುವ ಕರೆಂಟೇ ಕೆರೆ. ಕೆರೆಯಲ್ಲಿ ಇಲ್ಲದ ನೀರು ತೂಬಿನಿಂದ ಬರುವುದಿಲ್ಲ.

ಈ ಒಂದು ಮಾತು ಗೊತ್ತಿದ್ದರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ಏಮಾರಿಸಲಾರರು. ಈಗ ಅಂಗೈಯಗಲದ ಸಣ್ಣ ಆಂಪ್ಲಿಫೈಯರುಗಳು ಬಂದಿವೆ. ‘ಕ್ಲಾಸ್ ಡಿ’ ಎಂಬ ತಂತ್ರದವು. ಹೆಚ್ಚು ಬಿಸಿಯಾಗುವುದಿಲ್ಲ, ಕರೆಂಟಿನ ಬಹುಪಾಲು ಸ್ಪೀಕರಿಗೇ ಹೋಗುತ್ತದೆ, ಬೆಲೆಯೂ ಕಡಿಮೆ. ನನಗಂತೂ ಇಷ್ಟವಾದವು. ಆದರೆ ಒಂದರ ಮೇಲೆ ‘100+100 ವಾಟ್’ ಎಂದಿತ್ತು. ಜೊತೆಗಿದ್ದ ಅಡಾಪ್ಟರನ್ನು ತಿರುಗಿಸಿ ಓದಿದೆ: 12 ವೋಲ್ಟ್, 5 ಆಂಪಿಯರ್. ಗುಣಿಸಿದರೆ 60 ವಾಟ್. ಜಮಾ 60 ಇರುವ ಖಾತೆಯಿಂದ ಖರ್ಚು 200 ಹೇಗಪ್ಪಾ? ಮೂವತ್ತಕ್ಕೂ ಹೆಚ್ಚು ವರ್ಷ ಸಂಜೆ ಕ್ಯಾಶ್ ತಾಳೆಯಾಗದೆ ಮನೆಗೆ ಹೋಗದವನು ನಾನು. ಇಂಥ ಲೆಕ್ಕ ಕಣ್ಣಿಗೆ ಬಿದ್ದರೆ ಸುಮ್ಮನಿರಲು ಆಗುವುದಿಲ್ಲ. ಅಂಗಡಿಯ ಹುಡುಗ, “ಸಾರ್, ಎಲ್ಲಾ ಕಂಪನಿಯವರೂ ಹಾಗೇ ಬರೆಯೋದು” ಎಂದ. ಪಾಪ, ಅವನದೇನು ತಪ್ಪು? ನಿಜ ಹೇಳಬೇಕೆಂದರೆ, 12 ವೋಲ್ಟಿನಲ್ಲಿ ಇಂಥ ಪೆಟ್ಟಿಗೆಯಿಂದ 8 ಓಮಿನ ಸ್ಪೀಕರಿಗೆ ಸಾಮಾನ್ಯವಾಗಿ 9 ವಾಟಿಗಿಂತ ಹೆಚ್ಚು ಶುದ್ಧವಾದ ಶಬ್ದ ದಕ್ಕುವುದಿಲ್ಲ. 24 ವೋಲ್ಟಿನ ಅಡಾಪ್ಟರ್ ಇದ್ದರೆ ಸಂಗತಿ ಬೇರೆ.

ಹಾಗಾದರೆ ಮನೆಗೆ ಎಷ್ಟು ಬೇಕು? ಹತ್ತು-ಹನ್ನೆರಡು ಅಡಿಯ ಹಾಲಿನಲ್ಲಿ ಕೂತು ಹಿತವಾಗಿ ಕೇಳುವಾಗ ಸ್ಪೀಕರಿಗೆ ಹೋಗುವುದು ಹೆಚ್ಚಿನ ಹೊತ್ತು ಒಂದು ವಾಟಿಗಿಂತ ಕಡಿಮೆ. ಮೃದಂಗದವರು ಎಡಗೈಯಿಂದ ಜೋರಾಗಿ ಒಂದು ಪೆಟ್ಟು ಕೊಟ್ಟಾಗ ಮಾತ್ರ ಆ ಕ್ಷಣಕ್ಕೆ ಹತ್ತಿಪ್ಪತ್ತು ಪಟ್ಟು ಬೇಕಾಗುತ್ತದೆ. ಆ ಕ್ಷಣದಲ್ಲಿ ಶಕ್ತಿ ಸಾಲದಿದ್ದರೆ ಪೆಟ್ಟು ಒಡೆದು ಕರ್ಕಶವಾಗಿ ಕೇಳುತ್ತದೆ. ಆದ್ದರಿಂದ ಪ್ರಾಮಾಣಿಕವಾದ 20 ರಿಂದ 30 ವಾಟ್ ಧಾರಾಳವಾಯಿತು.

ನಮ್ಮ ಕಿವಿಯ ಲೆಕ್ಕ ಇನ್ನೂ ವಿಚಿತ್ರ. ವಾಟ್ ಎರಡು ಪಟ್ಟಾದರೆ ಶಬ್ದ ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ವಾಟ್ ಸುಮಾರು ಹತ್ತು ಪಟ್ಟಾಗಬೇಕು. 20 ವಾಟಿನದಕ್ಕಿಂತ 40 ವಾಟಿನದಕ್ಕೆ ಮೂರು ಸಾವಿರ ಹೆಚ್ಚು ಎಂದರೆ, ಆ ಮೂರು ಸಾವಿರವನ್ನು ಸ್ಪೀಕರಿಗೆ ಹಾಕಿ ಎಂದೇ ನಾನು ಹೇಳುವುದು. ಸ್ಪೀಕರಿನ ಕಾಗದದಲ್ಲಿ ‘ಸೆನ್ಸಿಟಿವಿಟಿ’ ಎಂದು 86, 89 ಡೆಸಿಬಲ್ ಎಂದು ಬರೆದಿರುತ್ತದೆ. 89ರ ಸ್ಪೀಕರಿಗೆ 20 ವಾಟ್ ಕೊಟ್ಟರೂ 86ರ ಸ್ಪೀಕರಿಗೆ 40 ವಾಟ್ ಕೊಟ್ಟರೂ ಶಬ್ದ ಒಂದೇ.

ಇದು ಜುಗ್ಗತನದ ಮಾತಲ್ಲ. 1970ರ ದಶಕದ ಕೊನೆಯಲ್ಲಿ ‘ನ್ಯಾಡ್ 3020’ ಎಂಬ ಆಂಪ್ಲಿಫೈಯರ್ ಹೊರಗೆ ಬಂತು. ನೋಡಲು ಮಾಸಲು ಬಣ್ಣದ ಸಾಧಾರಣ ಪೆಟ್ಟಿಗೆ. ಕಾಗದದ ಮೇಲೆ ಒಂದು ಸ್ಪೀಕರಿಗೆ ಬರೀ 20 ವಾಟ್. ಆದರೆ ಕ್ಷಣಿಕವಾದ ಜೋರು ಪೆಟ್ಟುಗಳಿಗೆ ಅದಕ್ಕಿಂತ ಹೆಚ್ಚು ಶಕ್ತಿಯನ್ನು ಕೂಡಿಟ್ಟುಕೊಂಡಿತ್ತು. ಸಂಗೀತ ಕೇಳುವವರು ಮುಗಿಬಿದ್ದು ಕೊಂಡರು. ಇವತ್ತಿಗೂ ಹಳೆಯದನ್ನು ರಿಪೇರಿ ಮಾಡಿಸಿ ಇಟ್ಟುಕೊಂಡವರಿದ್ದಾರೆ.

ಇನ್ನು ಓಮ್. ಸ್ಪೀಕರಿನ ಹಿಂದೆ 4, 6 ಅಥವಾ 8 ಓಮ್ ಎಂದಿರುತ್ತದೆ. ಅಂಕಿ ಸಣ್ಣದಾದಷ್ಟೂ ಆಂಪ್ಲಿಫೈಯರಿಗೆ ಕೆಲಸ ಹೆಚ್ಚು. ಎರಡೂ ಕಡೆಯ ಅಂಕಿ ಹೊಂದುತ್ತದೆಯೇ ನೋಡಿಕೊಂಡರೆ ಆಯಿತು.

ಅದಕ್ಕಿಂತ ಮುಖ್ಯ, ಏನನ್ನು ಜೋಡಿಸುತ್ತೀರಿ ಎಂಬುದು. ಫೋನಾದರೆ ಬ್ಲೂಟೂತ್ ಸಾಕು. ಈಚಿನ ಎಷ್ಟೋ ಟಿ.ವಿ.ಗಳಲ್ಲಿ ‘ಆಪ್ಟಿಕಲ್’ ಎಂಬ ಕಿಂಡಿ ಇರುತ್ತದೆ, ಅದನ್ನು ಬಳಸುವುದಾದರೆ ಆಂಪ್ಲಿಫೈಯರಿನಲ್ಲೂ ಅದು ಬೇಕು. ಅಟ್ಟದ ಮೇಲೆ ಗ್ರಾಮಫೋನ್ ತಟ್ಟೆಗಳಿದ್ದರೆ ‘ಫೋನೋ’ ಎಂಬ ಕಿಂಡಿ ಇದೆಯೇ ಕೇಳಿ. ತಟ್ಟೆಯ ಮುಳ್ಳಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟ್. ಮಾಮೂಲಿ ‘ಆಕ್ಸ್’ ಕಿಂಡಿಗೆ ಚುಚ್ಚಿದರೆ ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳುತ್ತದೆ. ಕ್ಯಾಸೆಟ್ಟಿನವರಿಗೆ ಕೆಂಪು-ಬಿಳಿ ಬಣ್ಣದ ‘ಆಕ್ಸ್’ ಕಿಂಡಿಯೇ ಸರಿ.

ನನಗೆ ಬೇಕಾಗಿದ್ದದ್ದೂ ಅದೇ. ನಮ್ಮ ಅಕ್ಕ 1984ರ ಗೌರಿ ಹಬ್ಬದಲ್ಲಿ ಹಾಡಿದ ದೇವರನಾಮಗಳ ಎರಡು ಕ್ಯಾಸೆಟ್ಟುಗಳು ನನ್ನ ಟ್ರಂಕಿನಲ್ಲಿದ್ದವು. ಅಕ್ಕ ಹೋಗಿ ಹನ್ನೊಂದು ವರ್ಷವಾಯಿತು. ಅವಳ ದನಿ ಉಳಿದಿರುವುದು ಆ ಎರಡರಲ್ಲಿ ಮಾತ್ರ. ರಿಪೇರಿಯವರೊಬ್ಬರು ಹಳೆಯ ಡೆಕ್ಕಿನ ರಬ್ಬರ್ ಬೆಲ್ಟ್ ಬದಲಾಯಿಸಿಕೊಟ್ಟರು. ತಿಂಗಳ ಪಿಂಚಣಿಯ ಅರ್ಧಕ್ಕಿಂತ ಹೆಚ್ಚು ಖರ್ಚು ಮಾಡಬಾರದೆಂದು ನಮ್ಮ ಮನೆಯವಳು ಗೆರೆ ಎಳೆದಿದ್ದಳು. ಡೆಕ್ಕನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ಮೊಮ್ಮಗನ ಜೊತೆ ಅಂಗಡಿಗೆ ಹೋದೆ. ಕೊಳ್ಳುವ ಮೊದಲು ನಿಮ್ಮದೇ ಹಾಡು ಹಾಕಿಸಿ ಕೇಳಿ; ಅಂಗಡಿಯವರ ಹಾಡಿನಲ್ಲಿ ಎಲ್ಲ ಪೆಟ್ಟಿಗೆಯೂ ಚೆನ್ನಾಗಿಯೇ ಕೇಳುತ್ತದೆ.

ಅಕ್ಕನದು ಒಂದೇ ಮೈಕಿನಲ್ಲಿ ಹಿಡಿದ ಮೋನೋ ಧ್ವನಿ. ಅದಕ್ಕೆ ಸ್ಟೀರಿಯೋ ಯಾಕೆ ಎನ್ನಬಹುದು. ಆದರೆ ಸ್ಟೀರಿಯೋ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಎರಡು ಸ್ಪೀಕರುಗಳಿಂದಲೂ ಸಮವಾಗಿ ಶಬ್ದ ಬಂದರೆ ಹಾಡುವವರು ಸರಿಯಾಗಿ ನಡುವೆ ಕೂತಂತೆ ಕೇಳಬೇಕು. ಮೊಮ್ಮಗನಿಗೆ ಕಣ್ಣು ಮುಚ್ಚಿ ದೊಡ್ಡಜ್ಜಿ ಎಲ್ಲಿದ್ದಾರೆ ಬೆರಳು ತೋರಿಸು ಎಂದೆ. ಮೊದಲ ಪೆಟ್ಟಿಗೆಯಲ್ಲಿ ವಾಲ್ಯೂಮ್ ತಗ್ಗಿಸಿದಂತೆ ಅವನ ಬೆರಳು ಎಡಕ್ಕೆ ಸರಿಯಿತು. ಅಗ್ಗದ ವಾಲ್ಯೂಮ್ ನಾಬ್ ಇದ್ದರೆ ಹೀಗಾಗುತ್ತದೆ. ಸಣ್ಣ ದನಿಯಲ್ಲಿ ಎರಡು ಕಡೆಯೂ ಸಮ ಇರುವುದಿಲ್ಲ. ರಾತ್ರಿ ಹೊತ್ತು ಮೆಲ್ಲಗೆ ಕೇಳುವ ನಮ್ಮಂಥವರಿಗೆ ಅದೇ ದೊಡ್ಡ ತೊಂದರೆ. ಎರಡನೆಯದರಲ್ಲಿ ವಾಟ್ ಕಡಿಮೆ, ಆದರೆ ಬೆರಳು ಕದಲಲಿಲ್ಲ. ಹಾಡು ನಿಲ್ಲಿಸಿ ಸ್ಪೀಕರಿಗೆ ಕಿವಿ ಕೊಟ್ಟೆ, ‘ಹುಂ’ ಎಂಬ ಸದ್ದೂ ಇಲ್ಲ. ಅದನ್ನೇ ಕಟ್ಟಿಸಿದೆ.

ಅದರಲ್ಲಿ ಬಾಸ್, ಟ್ರೆಬಲ್ ನಾಬುಗಳೂ ಇದ್ದವು. ಅವು ಇರಬಾರದು ಎಂದು ವಾದಿಸುವ ಶುದ್ಧ ಸಂಗೀತದ ಮಂದಿ ಇದ್ದಾರೆ. ಅವರಿಗೆ ಎಪ್ಪತ್ತು ದಾಟಿಲ್ಲ ಎಂದು ಕಾಣುತ್ತದೆ. ವಯಸ್ಸಾದಂತೆ ಕಿವಿಗೆ ಮೊದಲು ಇಲ್ಲವಾಗುವುದೇ ಕೀಚಲು ಸ್ವರಗಳು. ಟ್ರೆಬಲ್ ಸ್ವಲ್ಪ ಏರಿಸಿದರೆ ‘ಸ’, ‘ಶ’ ಅಕ್ಷರಗಳು ನಮಗೆ ತಿಳಿಯುತ್ತವೆ. ಮೊಮ್ಮಗ ಬಂದಾಗ ಇಳಿಸುತ್ತಾನೆ. ಅವನ ಕಿವಿ ಹೊಸದು.

ಮನೆಗೆ ತಂದ ಮೇಲೆ ಮಕ್ಕಳು ಮಾಡಬೇಕಾದ ಕೆಲಸವೊಂದಿದೆ. ಸ್ಪೀಕರಿನ ಕೆಂಪು ತಂತಿ ಕೆಂಪಿಗೇ, ಕಪ್ಪು ಕಪ್ಪಿಗೇ ಹೋಗಬೇಕು. ಆಂಪ್ಲಿಫೈಯರ್ ಆರಿಸಿ, ಬೇಕೆಂದೇ ಒಂದು ಕಡೆ ಮಾತ್ರ ಅದಲುಬದಲು ಮಾಡಿ ನೋಡಿ: ಒಂದು ಸ್ಪೀಕರ್ ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಮೃದಂಗದ ಗುಂಗು ಮಾಯವಾಗುತ್ತದೆ, ಹಾಡುವವರು ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ. ಮತ್ತೆ ಆರಿಸಿ ಸರಿ ಮಾಡಿ. ಎರಡು ಸ್ಪೀಕರುಗಳ ನಡುವೆ ಎಷ್ಟು ದೂರವೋ ನೀವು ಕೂರುವ ಕುರ್ಚಿಗೂ ಸುಮಾರು ಅಷ್ಟೇ ದೂರ ಇರಲಿ. ಬರಿಯ ನೆಲದಲ್ಲಿ ಶಬ್ದ ಪ್ರತಿಧ್ವನಿಸುತ್ತದೆ. ಒಂದು ಜಮಖಾನ ಹಾಸಿದರೆ ಆಗುವ ಪ್ರಯೋಜನ ಎರಡು ಸಾವಿರ ರೂಪಾಯಿ ಹೆಚ್ಚು ಕೊಟ್ಟರೂ ಆಗದು. ಆಂಪ್ಲಿಫೈಯರಿನ ಮೇಲೆ ಮಾತ್ರ ಕಸೂತಿ ಬಟ್ಟೆ ಹೊದಿಸಬೇಡಿ, ಅದಕ್ಕೆ ಗಾಳಿ ಬೇಕು.

ಆವತ್ತು ಸಂಜೆ ಜಮಖಾನದ ಮೇಲೆ ಕೂತು ಮೊದಲ ಕ್ಯಾಸೆಟ್ ಪೂರ್ತಿ ಕೇಳಿದೆವು. ಮೂರನೇ ಹಾಡಿನಲ್ಲಿ ಅಕ್ಕ ಒಂದು ಸಾಲು ಮರೆತು ತಡೆಯುತ್ತಾಳೆ. ಹಿಂದಿನಿಂದ ಯಾರೋ ಮೆಲ್ಲಗೆ ಆ ಸಾಲನ್ನು ಎತ್ತಿಕೊಡುತ್ತಾರೆ, ಬಳೆ ಸದ್ದಾಗುತ್ತದೆ. ಹಳೆಯ ಟೇಪ್ ರೆಕಾರ್ಡರಿನ ಸಣ್ಣ ಸ್ಪೀಕರಿನಲ್ಲಿ ಅದು ಎಂದೂ ಕೇಳಿರಲಿಲ್ಲ. “ತಾತ, ಅದ್ಯಾರು?” ಎಂದ ಮೊಮ್ಮಗ. ನಮ್ಮಮ್ಮ ಎಂದೆ. ಅವನು ಎದ್ದು ಹೋಗಿ ಕ್ಯಾಸೆಟ್ಟನ್ನು ಸ್ವಲ್ಪ ಹಿಂದಕ್ಕೆ ಸುತ್ತಿಸಿದ.