ವಿಶ್ರಾಂತಿಯ ಕಾಲಕ್ಕೊಂದು ವಿಮಾನ

ನಿಮ್ಮ ನಡುಮನೆಯ ರೇಡಿಯೋ ದೂರದ ಮಾತನ್ನು ಹಿಡಿದು ಕಿವಿಗೆ ಮುಟ್ಟಿಸುತ್ತದೆ. ಅಂಥದೇ ಅಲೆ ಮಾತಿಗೆ ಬದಲಾಗಿ ಅಪ್ಪಣೆಯನ್ನು ಹೊತ್ತು ಹೋದರೆ ಏನಾದೀತು? ನೆಲದ ಮೇಲೆ ನಿಂತವನ ಬೆರಳು ಅಲುಗಿದಂತೆ ಆಕಾಶದಲ್ಲಿ ಪುಟ್ಟ ವಿಮಾನವೊಂದು ಬಾಗುತ್ತದೆ, ಏರುತ್ತದೆ, ಇಳಿಯುತ್ತದೆ. ಇದು ಹುಡುಗರ ಆಟವೆಂದು ನೀವು ನಗಬಹುದು. ಆದರೆ ಈ ಹವ್ಯಾಸದಲ್ಲಿ ತೊಡಗಿದವರಲ್ಲಿ ನಿವೃತ್ತರು ಅನೇಕರು. ಎಳವೆಯಲ್ಲಿ ಕಲಿತದ್ದನ್ನು ಉದ್ಯೋಗ, ಸಂಸಾರಗಳ ಗಡಿಬಿಡಿಯಲ್ಲಿ ಅಟ್ಟಕ್ಕೇರಿಸಿ, ಅರುವತ್ತು ದಾಟಿದ ಮೇಲೆ ಮತ್ತೆ ಕೆಳಗಿಳಿಸಿದವರೂ ಅವರಲ್ಲಿದ್ದಾರೆ.

ಹಾಗೆ ಮರಳಿ ಬಂದವರಿಗೆ ಮೂಲತತ್ತ್ವವೇನೂ ಹೊಸದಲ್ಲ. ಕೈಯಲ್ಲಿರುವ ಪ್ರೇಷಕದ ಕಡ್ಡಿಯನ್ನು ಸರಿಸಿದರೆ ಅಪ್ಪಣೆ ಅಲೆಯಾಗಿ ಹೊರಡುತ್ತದೆ. ವಿಮಾನದೊಳಗಿನ ಗ್ರಾಹಕ ಅದನ್ನು ಹಿಡಿದು ಸರ್ವೋ ಎಂಬ ಚಿಕ್ಕ ಮೋಟಾರಿಗೆ ತಿಳಿಸುತ್ತದೆ. ಮೋಟಾರು ಬಾಲದ ಚುಕ್ಕಾಣಿಯನ್ನೋ ರೆಕ್ಕೆಯಂಚಿನ ಪಟ್ಟಿಯನ್ನೋ ಹೇಳಿದಷ್ಟೇ ತಿರುಗಿಸುತ್ತದೆ. 1950ರ ಸುಮಾರಿನ ಸರಳ ಸಲಕರಣೆಗಳಲ್ಲಿ ಈ "ಹೇಳಿದಷ್ಟೇ" ಎಂಬುದಿರಲಿಲ್ಲ. ಹುರಿಗೊಳಿಸಿದ ರಬ್ಬರಿನ ಬಲದಿಂದ ಚುಕ್ಕಾಣಿ ಪೂರ್ತಿ ಎಡಕ್ಕೋ ಪೂರ್ತಿ ಬಲಕ್ಕೋ ಹೊರಳುತ್ತಿತ್ತು. ಆಮೇಲೂ ಬಹುಕಾಲ ಇನ್ನೊಂದು ಭಯವಿತ್ತು: ಒಂದೇ ಬಯಲಿನಲ್ಲಿ ಇಬ್ಬರು ಒಂದೇ ತರಂಗಾಂತರವನ್ನು ಬಳಸಿದರೆ ವಿಮಾನ ಯಾರ ಮಾತನ್ನೂ ಕೇಳದೆ ನೆಲಕ್ಕೆ ಬೀಳುತ್ತಿತ್ತು. ಎರಡು ನಿಲಯಗಳ ಧ್ವನಿ ಕಲೆತು ರೇಡಿಯೋ ಅರಚಿದ್ದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಇಂದಿನ 2.4 ಗಿಗಾಹರ್ಟ್ಸ್ ಪ್ರೇಷಕ ತನ್ನ ಗುರುತನ್ನು ಸೇರಿಸಿಯೇ ಅಪ್ಪಣೆ ಕಳಿಸುವುದರಿಂದ ಆ ಭಯ ಬಹುಮಟ್ಟಿಗೆ ತೀರಿದೆ.

ಸಲಕರಣೆ ಸುಧಾರಿಸಿತು, ಸರಿ. ಕಣ್ಣು ಮಂಜಾಗಿ ಕಿವಿ ಮಂದವಾದವನ ಗತಿಯೇನು ಎಂದು ನೀವು ಕೇಳಬಹುದು. ಅದಕ್ಕೆ ಅಮೆರಿಕದ ಮೇನಾರ್ಡ್ ಹಿಲ್ ಅವರ ಬಾಳೇ ಉತ್ತರ. ವೃತ್ತಿಯಿಂದ ಲೋಹವಿಜ್ಞಾನಿಯಾಗಿದ್ದ ಅವರು 1970ರಲ್ಲಿಯೇ ಮಾದರಿ ವಿಮಾನವೊಂದನ್ನು 8,208 ಮೀಟರು ಎತ್ತರಕ್ಕೆ ಹಾರಿಸಿ ದಾಖಲೆ ಸ್ಥಾಪಿಸಿದ್ದರು. ನಿವೃತ್ತರಾದ ಮೇಲೆ ಅವರು ಹಿಡಿದ ಛಲ ಇನ್ನೂ ದೊಡ್ಡದು: ಮಾದರಿ ವಿಮಾನವೊಂದು ಅಟ್ಲಾಂಟಿಕ್ ಸಾಗರವನ್ನು ದಾಟಬೇಕು! ಆ ವೇಳೆಗೆ ಅವರ ದೃಷ್ಟಿ ಬಹುಪಾಲು ಹೋಗಿತ್ತು, ಕಿವಿಯೂ ಮಂದವಾಗಿತ್ತು. ಬಾಲ್ಸಾ ಎಂಬ ಹಗುರವಾದ ಮರದ ತುಣುಕುಗಳನ್ನು ಬೆರಳಿನಿಂದ ಸವರಿ ತಿಳಿದು ಜೋಡಿಸುತ್ತಿದ್ದರು.

ನಿಯಮದಂತೆ ವಿಮಾನ ಇಂಧನ ಸಹಿತ 5 ಕಿಲೋಗ್ರಾಂ ಮೀರುವಂತಿರಲಿಲ್ಲ; ಅದರಲ್ಲಿ ಅರ್ಧದಷ್ಟು ಇಂಧನವೇ. ಕೈಯಲ್ಲಿನ ಪ್ರೇಷಕದಿಂದ ವಿಮಾನವನ್ನು ನಡೆಸುವುದು ಅದು ಕಣ್ಣಿಗೆ ಕಾಣುವವರೆಗೆ ಮಾತ್ರ. ಆದ್ದರಿಂದ ನಡುಗಡಲಿನಲ್ಲಿ ಉಪಗ್ರಹಗಳ ಸಂಕೇತದಿಂದ ತನ್ನ ದಾರಿಯನ್ನು ತಾನೇ ತಿದ್ದಿಕೊಳ್ಳುವ ಯಂತ್ರವನ್ನು ಒಳಗಿಟ್ಟರು. 2002ರಿಂದ ನಡೆದ ಯತ್ನಗಳಲ್ಲಿ ನಾಲ್ಕು ವಿಮಾನಗಳು ಗುರಿ ಮುಟ್ಟಲಿಲ್ಲ. ಐದನೆಯದು 2003ರ ಆಗಸ್ಟ್ 9ರಂದು ಕೆನಡಾದ ನ್ಯೂಫೌಂಡ್‌ಲೆಂಡಿನಿಂದ ಹೊರಟಿತು. ನಡುವೆ ಕೆಲವು ಗಂಟೆ ಅದರ ಸುದ್ದಿಯೇ ನಿಂತುಹೋಯಿತು. ಸಮುದ್ರದ ಪಾಲಾಯಿತೆಂದುಕೊಂಡವರಿಗೆ ಮತ್ತೆ ಸಂಕೇತ ಕೇಳಿಸಿತು. ಹೀಗೆ 38 ಗಂಟೆ 52 ನಿಮಿಷ ಹಾರಿ, ಸುಮಾರು 3,030 ಕಿಲೋಮೀಟರು ದಾಟಿ, 11ರಂದು ಐರ್ಲೆಂಡಿನ ತೀರವನ್ನು ಸೇರಿತು. ಅಲ್ಲಿ ಕಾದಿದ್ದ ಗೆಳೆಯರು ಪ್ರೇಷಕ ಹಿಡಿದು ಅದನ್ನು ನೆಲಕ್ಕಿಳಿಸಿದರು. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಲ್ಲಿಯೂ ನಿಲ್ಲದೆ ಮೊದಲ ಬಾರಿಗೆ ಅಟ್ಲಾಂಟಿಕನ್ನು ವಿಮಾನದಲ್ಲಿ ದಾಟಿ ಇಳಿದದ್ದೂ ಅದೇ ಸೀಮೆಯಲ್ಲಿಯೇ. ಅಂದು ಹಿಲ್ ಅವರಿಗೆ 77 ವರ್ಷ. ಅವರು 2011ರಲ್ಲಿ ತೀರಿಕೊಂಡರು.

ಕಣ್ಣು ಹೋದರೂ ಬೆರಳಿನ ಅರಿವು ಉಳಿದಿತ್ತು. ತಾನು ಕಾಣದ್ದನ್ನು ಕಾಣಬಲ್ಲ ಗೆಳೆಯರಿದ್ದರು. ನಾಲ್ಕು ಸಲ ಸೋತ ಮೇಲೂ ಐದನೆಯದನ್ನು ಕಳಿಸುವ ತಾಳ್ಮೆಯಿತ್ತು. ನಿಮ್ಮ ಮನೆಯ ಹಿರಿಯರು ಅಟ್ಟದಿಂದ ಹಳೆಯ ಪೆಟ್ಟಿಗೆಯನ್ನು ಇಳಿಸಿಕೊಡೆಂದರೆ, "ಈ ವಯಸ್ಸಿನಲ್ಲಿ ಇದೆಲ್ಲ ಏಕೆ?" ಎನ್ನಬೇಡಿ. ಏಣಿಯನ್ನು ಹಿಡಿದುಕೊಳ್ಳಿ.