ಸ್ಪ್ರಿಂಗ್ ಬದಲಿಸೋದೋ, ಗ್ಯಾಸ್ ಪಿಸ್ತೂಲು ತರೋದೋ?

ಅಕ್ಕಲಕೋಟ: ದುಧನಿ ಮಾರುಕಟ್ಟೆಯ ಅಡತ್ ಅಂಗಡಿಯೊಂದರಲ್ಲಿ ತೊಗರಿ ಲೆಕ್ಕ ಬರೆಯುವ ಗುಮಾಸ್ತರ ಮನೆಯಲ್ಲಿ ತಿಂಗಳೊಪ್ಪತ್ತಿನಿಂದ ಒಂದೇ ಮಾತು. ಮಗಳ ಹಳೇ ಏರ್ ಪಿಸ್ತೂಲಿಗೆ ಹೊಸ ಸ್ಪ್ರಿಂಗ್ ಹಾಕಿಸುವುದೋ, ಅದನ್ನು ಮೂಲೆಗಿಟ್ಟು ಗ್ಯಾಸಿನದನ್ನು ತರುವುದೋ? ಕೂಡಿಟ್ಟ ಹಣದ ಗಂಟು ಒಂದೇ. ಅದರ ಮೇಲೆ ಕಣ್ಣಿಟ್ಟವರು ಮೂವರು. ಅವ್ವನಿಗೆ ಎಮ್ಮೆ ಬೇಕು, ಮಗನಿಗೆ ಐಟಿಐ ಫೀ ಕಟ್ಟಬೇಕು, ಒಂಬತ್ತನೇ ಇಯತ್ತೆಯ ಮಗಳಿಗೆ ಪಿಸ್ತೂಲು.

ಪಿಸ್ತೂಲೆಂದೊಡನೆ ಬೆಚ್ಚಬೇಕಿಲ್ಲ. ಇದು ಮದ್ದಿನ ಗುಂಡಿನದಲ್ಲ, ಗಾಳಿಯಿಂದ ಸೀಸದ ಛರ್ರೆ ಹಾರಿಸುವಂಥದ್ದು. ನಳಿಕೆ 0.177 ಇಂಚಿಗಿಂತ ಹೆಚ್ಚಿರದೆ, ಹೊಡೆತದ ಶಕ್ತಿ 20 ಜೂಲ್ ಮೀರದಿದ್ದರೆ ಇದಕ್ಕೆ ಪರವಾನಗಿ ಬೇಕಿಲ್ಲ. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದಿದ್ದನ್ನು ಈ ಮನೆಯವರೆಲ್ಲ ಟಿವಿ ಮುಂದೆ ಕೂತು ನೋಡಿದ್ದರು. ಅದೇ ವಾರ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ತಂದಿದ್ದರು. ಹುಡುಗಿಯ ತಲೆಯಲ್ಲಿ ಉಳಿದದ್ದು ಈ ಎರಡನೆಯದು.

ಪುಣೆಯಲ್ಲಿರುವ ಕಾಕಾ ಯಾರದೋ ಕೈಯಿಂದ ಕೊಂಡ ಸ್ಪ್ರಿಂಗ್ ಪಿಸ್ತೂಲನ್ನು ತಂದುಕೊಟ್ಟರು. ಅಂದಿನಿಂದ ಪ್ರತಿ ಭಾನುವಾರ ಬೆಳಗಿನ ರೈಲಿಗೆ ಅಪ್ಪ, ಮಗಳು ಸೊಲ್ಲಾಪುರಕ್ಕೆ. ಅಲ್ಲಿ ತಗಡಿನ ಚಾವಣಿಯ ಒಂದು ಷೆಡ್ಡೇ ರೇಂಜು.

ಈಗಿನ ತಕರಾರು ಶುರುವಾದದ್ದೂ ಅಲ್ಲಿಂದಲೇ.

'ಅಪ್ಪಾ, ಒಂದ್ಸಲ ಛರ್ರಾ ಮ್ಯಾಲೆ ಹೋಗ್ತದ, ಒಂದ್ಸಲ ಕೆಳಗ. ನಾ ಸರಿಯಾಗೇ ಹಿಡಿದಿರ್ತೀನಿ. ನಾ ಏನ್ ಮಾಡ್ಲಿ?' ಎಂದು ಮಗಳು ರೈಲಿನಲ್ಲಿ ಅತ್ತಳು. 'ಸ್ಪ್ರಿಂಗ್ ಸಡಲಾಗಿರಬೇಕವ್ವಾ, ಗಟ್ಟೀದು ಹಾಕ್ಸೂಣು ತಗೋ' ಎಂದರು ಅಪ್ಪ. ರಾತ್ರಿ ಕಾಕಾನ ಫೋನು ಬಂತು: 'ಅಣ್ಣಾ, ಆ ಹಳೇ ಡಬ್ಬಿಗೆ ರೊಕ್ಕ ಸುರೀಬ್ಯಾಡ. ಇಲ್ಲಿ ಹುಡುಗರೆಲ್ಲ ಗ್ಯಾಸಿಂದೇ ಹಿಡಿದಾರ. ಅರ್ಧ ನಾ ಕೊಡ್ತೀನಿ.'

ಅಪ್ಪ ಹೇಳಿದ್ದೂ ಸುಳ್ಳಲ್ಲ, ಕಾಕಾ ಹೇಳಿದ್ದೂ ಸುಳ್ಳಲ್ಲ. ಆದರೆ ಇಬ್ಬರ ಮಾತಿನಲ್ಲೂ ಅರ್ಧ ಬಿಟ್ಟುಹೋಗಿತ್ತು.

ಗಟ್ಟಿ ಸ್ಪ್ರಿಂಗಿನ ಆಸೆ

ಸ್ಪ್ರಿಂಗ್ ಪಿಸ್ತೂಲಿನ ಕೆಲಸ ಸರಳ. ನಳಿಕೆ ಮಡಚಿದಾಗ ಒಳಗಿನ ಸ್ಪ್ರಿಂಗ್ ಅದುಮಿ ಕೂರುತ್ತದೆ. ಟ್ರಿಗರ್ ಎಳೆದರೆ ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ನನ್ನು ಮುಂದಕ್ಕೆ ದಬ್ಬುತ್ತದೆ, ಪಿಸ್ಟನ್ ಗಾಳಿಯನ್ನು ಹಿಂಡುತ್ತದೆ, ಆ ಗಾಳಿ ಛರ್ರೆಯನ್ನು ಹಾರಿಸುತ್ತದೆ. ತೊಡಕು ಏನೆಂದರೆ, ಛರ್ರೆ ಇನ್ನೂ ನಳಿಕೆಯೊಳಗೇ ಇರುವಾಗ ಪಿಸ್ಟನ್ನಿನ ಭಾರವೆಲ್ಲ ಒಳಗೆ ಓಡಾಡುತ್ತಿರುತ್ತದೆ. ಪಿಸ್ತೂಲು ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಜಗ್ಗುತ್ತದೆ. ಕೈ ಹಿಡಿತ ಒಂದು ಕೂದಲೆಳೆ ಬದಲಾದರೂ ಛರ್ರೆ ಬೇರೆ ಕಡೆ ಹೋಗುತ್ತದೆ. ಜರ್ಮನಿಯ ಫೈನ್‌ವೆರ್ಕ್‌ಬಾವ್ ಕಂಪನಿ 1965ರಲ್ಲಿ ತಂದ 65 ಮಾದರಿಯ ಪಿಸ್ತೂಲು ಹೆಸರು ಮಾಡಿದ್ದು ಈ ಜಗ್ಗಾಟವನ್ನು ನುಂಗುವ ಏರ್ಪಾಟಿನಿಂದ. ಹುಡುಗಿಯ ಕೈಯಲ್ಲಿರುವ ಅಗ್ಗದ ಪಿಸ್ತೂಲಿನಲ್ಲಿ ಅಂಥದ್ದೇನೂ ಇಲ್ಲ.

ಗಟ್ಟಿ ಸ್ಪ್ರಿಂಗ್ ಹಾಕಿದರೆ ಈ ಜಗ್ಗಾಟ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ವಾಶರ್ ಬೇಗ ಸವೆಯುತ್ತದೆ, ಮಡಚಲು ಹುಡುಗಿಯ ತೋಳಿಗೆ ಬಲ ಸಾಲದು. ಪಂದ್ಯದಲ್ಲಿ 60 ಹೊಡೆತ, ಅದಕ್ಕೆ ಮೊದಲು ಅಭ್ಯಾಸದ ಹೊಡೆತ ಬೇರೆ. ಅಷ್ಟು ಸಲ ಮಡಚಿದ ಕೈ ಗುರಿಯ ಮೇಲೆ ನಿಲ್ಲುತ್ತದೆಯೇ? ಅದೂ ಅಲ್ಲದೆ 10 ಮೀಟರ್ ದೂರದ ಕಾಗದ ತೂತು ಮಾಡಲು ಎಷ್ಟು ಬಲ ಬೇಕು? ಅರ್ಧ ಗ್ರಾಮಿನ ಆಸುಪಾಸಿನ ಛರ್ರೆ ಸೆಕೆಂಡಿಗೆ 120ರಿಂದ 150 ಮೀಟರ್ ಓಡಿದರೆ ಸಾಕೋ ಸಾಕು. ಇಲ್ಲಿ ಅಂಕ ಸಿಗುವುದು ಜೋರಿಗಲ್ಲ, ಪ್ರತಿ ಸಲವೂ ಒಂದೇ ಸಮ ಹಾರುವುದಕ್ಕೆ.

ತರಬೇತುದಾರರು ಇದನ್ನು ಹೇಳಿದಾಗ ಅಪ್ಪನಿಗೆ ಬೇಸರವಾಯಿತು. 'ಹಂಗಾದ್ರ ಗ್ಯಾಸಿಂದೇ ಖರೇ ಅನ್ರಿ ಸರ್?' ಎಂದು ಕೇಳಿದರು.

'ಪುಣೆದಾಗ ಖರೇ ಇರಬಹುದ್ರಿ. ಇಲ್ಲಿ ಮೇ ತಿಂಗಳಾಗ ನೀವ ಈ ತಗಡಿನ ಕೆಳಗ ಒಂದು ತಾಸು ಕೂತು ನೋಡ್ರಿ' ಎಂಬ ಉತ್ತರ ಬಂತು.

ಸೊಲ್ಲಾಪುರದ ಬಿಸಿಲಿಗೆ ಗ್ಯಾಸು

ಗ್ಯಾಸ್ ಪಿಸ್ತೂಲಿನ ಗ್ಯಾಸೆಂದರೆ ಬೇರೇನಲ್ಲ, ಗೋಲಿ ಸೋಡಾಕ್ಕೆ ತುಂಬುವ ಇಂಗಾಲದ ಡೈ ಆಕ್ಸೈಡು. ಸಿಲಿಂಡರಿನಲ್ಲಿ ಅದು ದ್ರವವಾಗಿ ಕೂತಿರುತ್ತದೆ. ಟ್ರಿಗರ್ ಎಳೆದಾಗ ಕವಾಟ ತೆರೆದು ಒಂದು ಗುಟುಕು ಹೊರಬರುತ್ತದೆ. ಪಿಸ್ಟನ್ನಿಲ್ಲ, ಆದ್ದರಿಂದ ಜಗ್ಗಾಟವೂ ಇಲ್ಲ. ಮಡಚುವ ಶ್ರಮವಿಲ್ಲ. 1980ರ ದಶಕದಲ್ಲಿ ದೊಡ್ಡ ಪಂದ್ಯಗಳ ಆಟಗಾರರು ಇದಕ್ಕೆ ಮಾರುಹೋದದ್ದು ಸುಮ್ಮನಲ್ಲ.

ಮುಂದೆ 1990ರ ದಶಕದಲ್ಲಿ ಅದೇ ಆಟಗಾರರು ಇದನ್ನು ಬಿಟ್ಟು ಒತ್ತಿ ತುಂಬಿದ ಗಾಳಿಯ ಸಿಲಿಂಡರಿಗೆ ಹೋದರು. ಕಾರಣ ಹವೆ. ಈ ಗ್ಯಾಸಿನ ಒತ್ತಡ ಬಿಸಿಯೊಂದಿಗೆ ಏರಿ, ಥಂಡಿಯೊಂದಿಗೆ ಇಳಿಯುತ್ತದೆ. 10 ಡಿಗ್ರಿಯಲ್ಲಿ 45 ಬಾರ್ ಇದ್ದದ್ದು 20 ಡಿಗ್ರಿಗೆ 57, 30 ಡಿಗ್ರಿಗೆ 72. 31 ಡಿಗ್ರಿ ದಾಟಿದರೆ ದ್ರವವಾಗಿ ಉಳಿಯುವುದೇ ಇಲ್ಲ. ಆಮೇಲೆ ಎಷ್ಟು ತುಂಬಿದ್ದೀರಿ ಎಂಬುದರ ಮೇಲೆ ಒತ್ತಡ ಎತ್ತೆತ್ತಲೋ ಏರುತ್ತದೆ. ಅತಿಯಾದ ಒತ್ತಡಕ್ಕೆ ಕವಾಟ ಸರಿಯಾಗಿ ತೆರೆಯದೆ, ಹೊಡೆತ ಜೋರಾಗುವ ಬದಲು ಮೆತ್ತಗಾಗುವುದೂ ಉಂಟು. ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ಸೊಲ್ಲಾಪುರ ಸೀಮೆಯಲ್ಲಿ ಹವಾನಿಯಂತ್ರಣವಿಲ್ಲದ ಷೆಡ್ಡಿಗೆ ಇದು ಹೊಂದುವ ಮಾತೇ? ಕಾಕಾ ನೋಡಿದ್ದು ಎಸಿ ಹಾಲಿನ ಆಟ.

ವೇಗದಲ್ಲಿ ತುಸು ಏರುಪೇರಾದರೆ ಏನು ಮಹಾ ಎನ್ನಬಹುದು. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಸೆಕೆಂಡಿಗೆ 140 ಮೀಟರ್ ಓಡುತ್ತಿದ್ದ ಛರ್ರೆ 120ಕ್ಕೆ ಇಳಿದರೆ, 10 ಮೀಟರ್ ದೂರದಲ್ಲಿ ಸುಮಾರು 9 ಮಿಲಿಮೀಟರ್ ಕೆಳಗೆ ಬೀಳುತ್ತದೆ. ಗುರಿಯ ಕಾಗದದಲ್ಲಿ ಒಂದು ಗೆರೆಗೂ ಇನ್ನೊಂದು ಗೆರೆಗೂ ಅಂತರ 8 ಮಿಲಿಮೀಟರ್. ಅಂದರೆ ಹುಡುಗಿಯ ತಪ್ಪಿಲ್ಲದೆಯೇ ಹತ್ತು ಒಂಬತ್ತಾಯಿತು. ಬಿರುಸಿನಲ್ಲಿ ಒಂದರ ಹಿಂದೊಂದು ಹೊಡೆದರೂ ಇದೇ ಪಾಡು. ದ್ರವ ಆವಿಯಾಗುತ್ತ ಸಿಲಿಂಡರು ತಣ್ಣಗಾಗಿ ಒತ್ತಡ ಕುಸಿಯುತ್ತದೆ.

ಇನ್ನು ತುಂಬಿಸುವ ರಗಳೆ. ಸೋಡಾ ಅಂಗಡಿಯಲ್ಲಿ ಗ್ಯಾಸಿದೆಯೆಂದು ಅಲ್ಲಿ ಪಿಸ್ತೂಲಿನ ಸಿಲಿಂಡರ್ ತುಂಬಿಸಲಾಗದು. ಗ್ರಾಮಿನ ಲೆಕ್ಕದಲ್ಲಿ ತೂಗಿ ತುಂಬಬೇಕು. ಹೆಚ್ಚು ತುಂಬಿದ ಸಿಲಿಂಡರನ್ನು ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಮರೆತರೆ ಅಪಾಯ ಕಟ್ಟಿಟ್ಟದ್ದು. ಕಾಕಾ ಮೊಬೈಲಿನಲ್ಲಿ ಕಳಿಸಿದ ಚಿತ್ರದ್ದು ಇನ್ನೂ ಬೇರೆ ಜಾತಿ: 12 ಗ್ರಾಮಿನ ಬಿಸಾಡುವ ಗ್ಯಾಸ್ ಗುಳಿಗೆ ಹಾಕಿ, ಉಕ್ಕಿನ ಗೋಲಿಗಳನ್ನು ಸರಸರ ಹಾರಿಸುವಂಥದ್ದು. ನೋಡಲು ಪೊಲೀಸರ ಪಿಸ್ತೂಲಿನ ಹಾಗೇ ಇದೆ. ಪಂದ್ಯದಲ್ಲಿ ಅದಕ್ಕೆ ಜಾಗವಿಲ್ಲ. ಅಲ್ಲಿ ಒಂದು ಸಲಕ್ಕೆ ಒಂದೇ ಛರ್ರೆ, ಟ್ರಿಗರ್ ಕನಿಷ್ಠ 500 ಗ್ರಾಮ್ ಭಾರ ತಡೆಯಬೇಕು, ಪಿಸ್ತೂಲು ಒಂದೂವರೆ ಕಿಲೋ ಮೀರಬಾರದು. ಉಕ್ಕಿನ ಗೋಲಿ ಗಟ್ಟಿ ಗೋಡೆಗೆ ಬಡಿದು ಹೊಡೆದವರ ಕಣ್ಣಿಗೇ ಮರಳುವ ಭಯ ಬೇರೆ.

ಒತ್ತಿ ತುಂಬಿದ ಗಾಳಿಯ ಪಿಸ್ತೂಲಿಗೆ ಹವೆಯ ಕಾಟ ಅಷ್ಟಿಲ್ಲ. ಒಮ್ಮೆ ತುಂಬಿದರೆ ನೂರಕ್ಕೂ ಹೆಚ್ಚು ಹೊಡೆತ ಒಂದೇ ಸಮ. ಇಂದು ದೊಡ್ಡ ಪಂದ್ಯಗಳಲ್ಲಿ ಕಾಣುವುದು ಹೆಚ್ಚಾಗಿ ಅದೇ. ಆದರೆ ವಿದೇಶದ ಒಳ್ಳೆಯದರ ಬೆಲೆ ಲಕ್ಷ ದಾಟುತ್ತದೆ. ಸಿಲಿಂಡರಿಗೆ 200 ಬಾರ್ ಗಾಳಿ ಬೇಕು, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಅದರ ಹತ್ತಿರಕ್ಕೂ ಬರುವುದಿಲ್ಲ. ಸಿಲಿಂಡರಿನ ಆಯಸ್ಸು ಸಾಮಾನ್ಯವಾಗಿ 10 ವರ್ಷ. ಮುಗಿದ ಮೇಲೆ ಪಂದ್ಯದಲ್ಲಿ ಒಪ್ಪುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಅದರ ಮೇಲೆ ಕೊರೆದ ತಾರೀಖನ್ನು.

ಎರಡು ಕಾಗದ

ಮಾತು ಬೆಳೆಸುವ ಬದಲು ತರಬೇತುದಾರರು ಒಂದು ಪರೀಕ್ಷೆ ಮಾಡಿದರು. ರೇಂಜಿನಲ್ಲಿ ಒಂದೇ ಸಲ ಸನ್ನೆ ಎಳೆದು ಗಾಳಿ ತುಂಬುವ ಹಳೆಯ ಪಿಸ್ತೂಲೊಂದಿದೆ. ಸ್ಪ್ರಿಂಗೂ ಇಲ್ಲ, ಗ್ಯಾಸೂ ಇಲ್ಲ. ಅದರಿಂದ ಹತ್ತು, ತನ್ನದರಿಂದ ಹತ್ತು ಹೊಡೆಯಲು ಹುಡುಗಿಗೆ ಹೇಳಿದರು.

ಅವಳದೇ ಪಿಸ್ತೂಲಿನ ಕಾಗದದಲ್ಲಿ ತೂತುಗಳು ಬಿತ್ತಿದ ಜೋಳದಂತೆ ಚೆಲ್ಲಿದ್ದವು. ಎರಡು ಕಪ್ಪು ವೃತ್ತದ ಹೊರಗೆ. ರೇಂಜಿನ ಪಿಸ್ತೂಲಿನ ಹತ್ತೂ ಕಪ್ಪಿನೊಳಗೇ ಒಟ್ಟಾಗಿದ್ದವು, ಆದರೆ ನಡುವೆ ಅಲ್ಲ. ಎಲ್ಲವೂ ಎಡಕ್ಕೆ, ಕೆಳಗೆ.

'ಇದು ಪಿಸ್ತೂಲಿಂದಲ್ಲ ತಂಗಿ, ನಿನ್ನ ಬೆರಳಿಂದು' ಎಂದರು. ಬಲಗೈಯವರು ಟ್ರಿಗರನ್ನು ಮೆಲ್ಲಗೆ ಒತ್ತದೆ ಕಸಿದರೆ ಛರ್ರೆ ಹೋಗುವುದು ಎಡಗೆಳಕ್ಕೇ. ಜಗ್ಗಾಡುವ ಸ್ಪ್ರಿಂಗ್ ಪಿಸ್ತೂಲು ಈ ತಪ್ಪನ್ನು ಇಷ್ಟು ದಿನ ಮುಚ್ಚಿಟ್ಟಿತ್ತು. ಹುಡುಗಿ ಎರಡೂ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು. ಆ ದಿನ ರೈಲಿನಲ್ಲಿ ಅಳಲಿಲ್ಲ.

ದುಬಾರಿ ಪಿಸ್ತೂಲು ಕೈ ಕೊಡುವುದಿಲ್ಲವೆಂದೂ ಇಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟಿತು. ರಿಪೇರಿಯಲ್ಲಿ ಹೊತ್ತು ಕಳೆದು 575 ಅಂಕಕ್ಕೆ ನಿಂತು ಫೈನಲ್ ತಪ್ಪಿಸಿಕೊಂಡರು. ಮೂರು ವರ್ಷದ ನಂತರದ ಪದಕ ಎಲ್ಲರಿಗೂ ನೆನಪಿದೆ. ಗುಮಾಸ್ತರ ಮನೆಯಲ್ಲಿ ಈಗ ಟೋಕಿಯೊದ ಮಾತೇ ಹೆಚ್ಚು.

ಕೊನೆಗೆ ಆದದ್ದು ಹೀಗೆ. ಗ್ಯಾಸಿನ ಪಿಸ್ತೂಲು ಬೇಡ. ಹಳೆಯದಕ್ಕೆ ಮೂಲದಲ್ಲಿದ್ದಷ್ಟೇ ಬಲದ ಸ್ಪ್ರಿಂಗು, ಹೊಸ ವಾಶರು, ಟ್ರಿಗರಿನ ಸವೆದ ಪಿನ್ನು. ಸೊಲ್ಲಾಪುರದ ಪರವಾನಗಿ ಇರುವ ಅಂಗಡಿಯಲ್ಲೇ ಕೆಲಸ. ಪಂದ್ಯದ ದಿನ ರೇಂಜಿನ ಪಿಸ್ತೂಲನ್ನು ಸರದಿಯಲ್ಲಿ ಕೊಡಲು ತರಬೇತುದಾರರು ಒಪ್ಪಿದ್ದಾರೆ. ರಾಜ್ಯ ಮಟ್ಟಕ್ಕೆ ಆಯ್ಕೆಯಾದರೆ ಆಗ ಗಾಳಿ ಸಿಲಿಂಡರಿನದರ ಮಾತು. ಕಾಕಾ ತನ್ನ ಅರ್ಧ ಪಾಲನ್ನು ಅದಕ್ಕೇ ಎತ್ತಿಡಬೇಕೆಂದು ಅಣ್ಣ ತಾಕೀತು ಮಾಡಿದ್ದಾರೆ. ಫೋನಿನಲ್ಲಿ ಕಾಕಾ 'ಆತು' ಅಂದರಂತೆ, ಸ್ವಲ್ಪ ತಡೆದು.

ಹಿಡಿಯನ್ನು ಮಾತ್ರ ಊರಲ್ಲೇ ಮಾಡಿಸಿದರು. ಅವ್ವ ಗಟ್ಟಿಯಾಗಿ ಕಲಸಿಕೊಟ್ಟ ಕಣಕವನ್ನು ಹಳೇ ಹಿಡಿಗೆ ಮೆತ್ತಿ, ಹುಡುಗಿ ಮುಷ್ಟಿ ಒತ್ತಿದಳು. ಆ ಅಚ್ಚು ನೋಡಿಕೊಂಡು ಕೂರಿಗೆ ಮಾಡುವ ಬಡಿಗೇರರು ಸಾಗವಾನಿಯಲ್ಲಿ ಕೆತ್ತಿದರು. ಮರ ಮಣಿಕಟ್ಟಿಗೆ ತಾಗಬಾರದು, ಅದು ನಿಯಮ. ಬಡಿಗೇರರು ಮೂರು ಸಲ ಉಜ್ಜಿ ಮೂರು ಸಲ ಹಿಡಿಸಿ ನೋಡಿದರು. ಮಜೂರಿ ಕೇಳಿದರೆ, 'ಪದಕ ಬಂದ ಮ್ಯಾಲೆ ನೋಡೂಣ್ರಿ' ಎಂದು ನಕ್ಕರು. ಆದರೂ ಅಪ್ಪ ಕೊಟ್ಟೇ ಬಂದರು.

ಛರ್ರೆಯಿಲ್ಲದೆ ಸ್ಪ್ರಿಂಗ್ ಪಿಸ್ತೂಲು ಹೊಡೆದರೆ ಪಿಸ್ಟನ್ ಬಡಿದು ಒಳಗೆಲ್ಲ ಹಾಳಾಗುತ್ತದೆ. ಹಾಗಾಗಿ ಮನೆಯಲ್ಲಿ ಖಾಲಿ ಟ್ರಿಗರ್ ಎಳೆಯುವಂತಿಲ್ಲ. ಅದಕ್ಕೆ ಬದಲು ರಾತ್ರಿ ಊಟವಾದ ಮೇಲೆ ಹುಡುಗಿ ಗೋಡೆಯ ಚುಕ್ಕಿ ನೋಡುತ್ತ ನೀರು ತುಂಬಿದ ತಂಬಿಗೆಯನ್ನು ತೋಳು ಚಾಚಿ ಹಿಡಿದು ನಿಲ್ಲುತ್ತಾಳೆ. ನೀರು ಅಲುಗಿದರೆ ಐಟಿಐ ಸೇರಿದ ಅಣ್ಣ ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡುತ್ತಾನೆ. ಅವ್ವ ಬರುವ ವಾರದ ಸಂತೆಯಲ್ಲಿ ಎಮ್ಮೆ ನೋಡಿಬರಲು ಹೊರಟಿದ್ದಾರೆ.